ಹನ್ನೆರಡು ದೇಶದ ಕಾಲ್ಚೆಂಡು

ಇಟಲಿಯವರು ಫುಟ್ಬಾಲನ್ನು ಕಾಲ್ಚೊ ಅನ್ನುತ್ತಾರೆ. ಹಾಗಂದರೆ ಒದೆ. ಫಿನ್‌ಲೆಂಡಿನವರದು ಯಾಲ್ಕಪಾಲ್ಲೊ, ಹಂಗೆರಿಯವರದು ಲಾಬ್ದರೂಗಾಶ್, ಕ್ರೊಯೇಷಿಯಾದವರದು ನೊಗೊಮೆತ್. ಇವನ್ನೆಲ್ಲ ನಾನು ದೇಶ ಸುತ್ತಿ ಕಲಿತವಳಲ್ಲ. ಫುಟ್ಬಾಲ್ ಆಟವನ್ನು ಇವತ್ತಿಗೂ ಐದು ನಿಮಿಷ ಕೂತು ನೋಡಿದವಳೂ ಅಲ್ಲ. ರಾಮನಗರದ ಹತ್ತಿರ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಪ್ಯಾಕಿಂಗ್ ಮೇಜಿನ ಮುಂದೆ, ಅಕ್ಷರವೇ ಬಾರದ ಒಬ್ಬ ಹೆಂಗಸಿನ ಪಕ್ಕದಲ್ಲಿ ನಿಂತು ಇವನ್ನು ಕಲಿತೆ.

ಎರಡು ಸಾವಿರದ ಐದೋ ಆರೋ ಇರಬೇಕು. ಬೆಂಗಳೂರು–ಮೈಸೂರು ರಸ್ತೆಯ ಉದ್ದಕ್ಕೂ ಶೆಡ್ಡುಗಳು ಏಳುತ್ತಿದ್ದ ಕಾಲ. ಹೋದ ವರ್ಷ ಹಿಪ್ಪುನೇರಳೆ ಇದ್ದ ಹೊಲದಲ್ಲಿ ಈ ವರ್ಷ ಕಾಂಪೌಂಡು, ಗೇಟು, ಗೇಟಿನ ಮುಂದೆ ಒಂದು ಟೀ ಅಂಗಡಿ. ಬೆಳಗ್ಗೆ ಏಳಕ್ಕೆಲ್ಲ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಬಳಿ ಫ್ಯಾಕ್ಟರಿ ಬಸ್ಸುಗಳು ಸಾಲಾಗಿ ನಿಲ್ಲುತ್ತಿದ್ದವು. ಊಟದ ಡಬ್ಬಿ ಹಿಡಿದ ಹೆಂಗಸರು ಸುತ್ತಲಿನ ಹಳ್ಳಿಗಳಿಂದ ಬಂದು ಅವುಗಳೊಳಗೆ ತುಂಬಿಕೊಳ್ಳುತ್ತಿದ್ದೆವು. ನಾನು ಹೊಂಗನೂರಿನವಳು. ಹತ್ತೊಂಬತ್ತು ವರ್ಷ, ಎಸ್ಸೆಸ್ಸೆಲ್ಸಿ ಪಾಸು, ಪಿಯುಸಿ ಅರ್ಧಕ್ಕೇ ನಿಂತಿತ್ತು. ಪ್ಯಾಕಿಂಗಿನಲ್ಲಿ ಚೆಕರ್ ಕೆಲಸ. ಪೆಟ್ಟಿಗೆಗೆ ಹೋಗುವ ಬಟ್ಟೆಯನ್ನು ನೋಡಿ, ಚೀಟಿಯಲ್ಲಿ ಟಿಕ್ ಹಾಕಿ, ಕೆಳಗೆ ಸಹಿ ಮಾಡುವುದು. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದೆ, ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ. ಅಷ್ಟು ಜಂಬ.

ಅಪ್ಪನಿಗೆ ನನಗಿಂತ ಹೆಚ್ಚು ಜಂಬ. ಕುದೂರಿನ ಕಡೆಯ ನೆಂಟರು ಹೆಣ್ಣು ಕೇಳಿಕೊಂಡು ಎರಡು ಸಲ ಬಂದಾಗಲೂ, "ನಮ್ ಹುಡ್ಗಿದು ಪೆನ್ ಹಿಡಿಯೋ ಕೆಲ್ಸ ಕಣಪ್ಪ, ಒಸಿ ದಿನ ಹೋಗ್ಲಿ" ಎಂದು ಕಾಫಿ ಕುಡಿಸಿ ಕಳಿಸಿದ್ದ. ಪೆನ್ನಿರುವವರೆಗೆ ಮದುವೆ ಇಲ್ಲ, ಪೆನ್ನು ಹೋದ ದಿನ ಓಲಗ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಮದುವೆ ಬೇಡವಾಗಿತ್ತು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನಾನು ದುಡಿದ ದುಡ್ಡಲ್ಲಿ ಕಡಲೆಕಾಯಿ ತಿನ್ನುವ ಸುಖ ಇನ್ನಷ್ಟು ದಿನ ಇರಲಿ ಅನ್ನಿಸುತ್ತಿತ್ತು, ಅಷ್ಟೆ. ಈ ಮಾತನ್ನು ನಾನು ಹೇಳಿಕೊಂಡಿದ್ದು ಒಬ್ಬಳ ಹತ್ತಿರ ಮಾತ್ರ, ದೊಡ್ಡವ್ವನ ಹತ್ತಿರ.

ದೊಡ್ಡವ್ವ ನನಗೆ ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಇಡೀ ಪ್ಯಾಕಿಂಗ್ ಸೆಕ್ಷನ್ನೇ ಅವಳನ್ನು ಹಾಗೆ ಕರೆಯುತ್ತಿತ್ತು. ವಿರೂಪಾಕ್ಷಿಪುರದ ಕಡೆಯ ಹೆಂಗಸು, ನಲವತ್ತೈದು ದಾಟಿತ್ತು. ಗಾರ್ಮೆಂಟ್ಸಿಗೆ ಬರುವ ಮೊದಲು ಎಷ್ಟೋ ವರ್ಷ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಗೂಡು ಆರಿಸುತ್ತಿದ್ದಳಂತೆ. ರಾಶಿಯ ಮುಂದೆ ಕೂತು ಒಳ್ಳೆಯ ಗೂಡು ಒಂದು ಕಡೆ, ಕಲೆ ಬಿದ್ದದ್ದು ಒಂದು ಕಡೆ, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಇನ್ನೊಂದು ಕಡೆ ಹಾಕುವ ಕೆಲಸ. ಅಲ್ಲಿ ಒದ್ದೆ ನೆಲದಲ್ಲಿ ಜಾರಿ ಬಿದ್ದು ಎಡ ಮಂಡಿ ಹೋಯಿತು. ಅರ್ಧ ಗಂಟೆ ನಿಂತರೆ ಮಂಡಿ ಊದಿಕೊಳ್ಳುತ್ತಿತ್ತು. ನಮ್ಮ ಫ್ಯಾಕ್ಟರಿಯಲ್ಲಿ ಹೊಲಿಗೆ ಬಾರದವರಿಗೆ ಇದ್ದದ್ದು ಎರಡೇ ಕೆಲಸ. ಒಂದು, ಹೊಲಿದ ಬಟ್ಟೆಯ ಉಳಿದ ದಾರ ಕತ್ತರಿಸುವುದು, ದಿನವಿಡೀ ನಿಂತೇ ಮಾಡಬೇಕು. ಇನ್ನೊಂದು ಪ್ಯಾಕಿಂಗ್, ಅಲ್ಲಿ ಸ್ಟೂಲು ಇತ್ತು. ಆ ಸ್ಟೂಲು ಇದ್ದುದರಿಂದಲೇ ದೊಡ್ಡವ್ವ ಕೆಲಸದಲ್ಲಿದ್ದಳು. ಹಾಜರಿ ಪುಸ್ತಕದಲ್ಲಿ ತನ್ನ ಹೆಸರನ್ನು ಮಾತ್ರ ನಿಧಾನವಾಗಿ, ಚಿತ್ರ ಬರೆದ ಹಾಗೆ ಬರೆಯುತ್ತಿದ್ದಳು. ಓದು ಬರುತ್ತದೆಯೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಹಾಗಿರುವಾಗ ಕಾಲ್ಚೆಂಡಿನ ಆರ್ಡರು ಬಂತು. ಯುರೋಪಿನಲ್ಲಿ ಆ ವರ್ಷ ದೊಡ್ಡ ಪಂದ್ಯವಂತೆ, ಮಕ್ಕಳ ಟೀ ಶರ್ಟಿನ ಎದೆಯ ಮೇಲೆ ಆಯಾ ದೇಶದ ಭಾಷೆಯಲ್ಲಿ ಫುಟ್ಬಾಲ್ ಎಂದು ಅಚ್ಚು ಹಾಕಿರಬೇಕಂತೆ. ಹನ್ನೆರಡು ದೇಶ, ಹನ್ನೆರಡು ಹೆಸರು, ಮೇಜಿನ ಸುತ್ತ ಹನ್ನೆರಡು ರಟ್ಟಿನ ಪೆಟ್ಟಿಗೆ. ಶರ್ಟುಗಳು ಟಬ್ಬಿನಲ್ಲಿ ಎಲ್ಲ ಬೆರೆತೇ ಬರುತ್ತಿದ್ದವು, ಆರಿಸಿ ಆಯಾ ದೇಶದ ಪೆಟ್ಟಿಗೆಗೆ ಹಾಕಬೇಕಿತ್ತು. ನಮ್ಮ ಸೂಪರ್‌ವೈಸರ್ ಮಾಗಡಿ ಕಡೆಯ ಹುಡುಗ, ಡಿಪ್ಲೊಮಾ ಓದಿದವನು. ಯಾವ ಹೆಸರು ಯಾವ ದೇಶದ್ದು ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ. ನಾನು ಎಲ್ಲರ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಕಾಲ್ಚೊವನ್ನು ಕಾಲ್ಸಿಯೊ ಅಂದೆ, ಯಾಲ್ಕಪಾಲ್ಲೊವನ್ನು ಜಾಲ್ಕಪಲ್ಲೊ ಅಂದೆ. ತಪ್ಪೆಂದು ಹೇಳುವವರು ಯಾರಿದ್ದರು?

"ಇವೆಲ್ಲ ಏನವ್ವ?" ಎಂದು ದೊಡ್ಡವ್ವ ಕೇಳಿದಳು.

"ಎಲ್ಲಾ ಒಂದೇ ದೊಡ್ಡವ್ವ. ಕಾಲ್ಚೆಂಡು ಅಂತ."

"ಒಂದ್ ಚೆಂಡ್ಗೆ ಇಷ್ಟೊಂದ್ ಹೆಸ್ರಾ? ಅದ್ಯಾವ್ ಚೆಂಡವ್ವ, ಅಷ್ಟು ಮುದ್ದು ಮಾಡವ್ರೆ!"

ಅವಳು ಒಂದೊಂದು ಬಗೆಯ ಒಂದೊಂದು ಶರ್ಟನ್ನು ತೊಡೆಯ ಮೇಲೆ ಹಾಕಿಕೊಂಡಳು. ಹಿಂದೆ ಮುಂದೆ ತಿರುಗಿಸಿ, ಮಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಹನ್ನೆರಡಕ್ಕೂ ಮರುನಾಮಕರಣ ಆಗಿಹೋಗಿತ್ತು. ಜರ್ಮನಿಯವರ ಹೆಸರಿನ ನಡುವೆ ಎರಡು ಹೊಟ್ಟೆಯ ಒಂದು ಅಕ್ಷರ ಇರುತ್ತದೆ. ಅದು ಬಸುರಿ. ಸ್ಪೇನಿನವರ ಅಕ್ಷರದ ತಲೆಯ ಮೇಲೆ ಒಂದು ಗೀಟು, ಅದು ಹೂ ಮುಡಿದೋಳು. ಹಂಗೆರಿಯವರದಕ್ಕೆ ಎರಡು ಗೀಟು, ಅದು ಜೋಡಿ ಹೂವಿನೋಳು. ಫಿನ್‌ಲೆಂಡಿನವರ ಮೊದಲ ಅಕ್ಷರದ ಬಾಲ ಕೆಳಗೆ ಇಳಿಬಿದ್ದಿತ್ತು, ಅದು ಉದ್ದಜಡೆ. ಪೋಲೆಂಡಿನ ಹೆಸರು ಎರಡು ಮಾತಿನದು, ಅದು ಗಂಡಹೆಂಡ್ತಿ. ನಾರ್ವೆ ಮತ್ತು ಸ್ವೀಡನ್ನಿನವು ನೋಡಲು ಒಂದೇ ಥರ ಇದ್ದವು, ಅವು ಅಕ್ಕ, ತಂಗಿ. ಎರಡು ದಿನದಲ್ಲಿ ಇಡೀ ಸೆಕ್ಷನ್ ಈ ಹೆಸರುಗಳನ್ನೇ ಹಿಡಿಯಿತು. ಸೂಪರ್‌ವೈಸರ್ ಕೂಡ ಬಾಗಿಲಲ್ಲಿ ನಿಂತು, "ಬಸುರಿ ಮುಗೀತಾ? ಉದ್ದಜಡೆ ಇನ್ನೆಷ್ಟು ಬಾಕಿ?" ಎಂದು ಕೂಗುತ್ತಿದ್ದ. ಗೋಡೆಯ ಪಟ್ಟಿಯನ್ನು ನೋಡುತ್ತಿದ್ದವಳು ನಾನೊಬ್ಬಳೇ. ಓದು ಬರುವವಳು ಇಂಥ ಹೆಸರು ಹಿಡಿದು ಕರೆಯುವುದು ನನ್ನ ಅಂತಸ್ತಿಗೆ ಕಡಿಮೆ ಎಂದು ಭಾವಿಸಿದ್ದೆ.

ದೊಡ್ಡವ್ವ ಕೆಲಸ ಮಾಡುವುದನ್ನು ನೀವು ನೋಡಬೇಕಿತ್ತು. ಎಡಗೈ ಟಬ್ಬಿನಿಂದ ಶರ್ಟು ಎತ್ತುತ್ತಿತ್ತು, ಬಲಗೈ ಎಸೆಯುತ್ತಿತ್ತು, ಬಾಯಿ ಪಕ್ಕದವಳ ಸೊಸೆಯ ವಿಚಾರ ವಿಚಾರಿಸುತ್ತಿತ್ತು. ಶರ್ಟು ತಲೆಕೆಳಗಾಗಿದ್ದರೂ ಅವಳಿಗೆ ಒಂದೇ. ನಾವು ಅದನ್ನು ನೇರ ಮಾಡಿ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವಳು ನಾಲ್ಕು ಎಸೆದಿರುತ್ತಿದ್ದಳು. ಎಸೆದದ್ದು ಒಂದು ಸಲವೂ ತಪ್ಪಿದ್ದನ್ನು ನಾನು ಕಾಣೆ. ನಾನು ಮನಸ್ಸಿನಲ್ಲಿ ಬೆರಗಾಗುತ್ತಿದ್ದೆ, ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಶುಕ್ರವಾರ ಸಂಜೆ ಲಾರಿ ಬಂದು ಗೇಟಿನಲ್ಲಿ ನಿಂತಿತ್ತು. ಎಲ್ಲರಿಗೂ ಆತುರ. ಪೆಟ್ಟಿಗೆ ಬೇಗ ತುಂಬಲಿ ಎಂದು ನಾನೇ ಪೆನ್ನು ಕಿವಿಗೆ ಸಿಕ್ಕಿಸಿ ಶರ್ಟು ಹಾಕತೊಡಗಿದೆ. ಆಚೆ ಕಡೆಯಿಂದ ದೊಡ್ಡವ್ವ ಮೆಲ್ಲಗೆ, "ತಂಗಿ ಅಕ್ಕನ ಮನೆಗ್ ಹೋಗವ್ಳೆ, ಒಸಿ ನೋಡವ್ವ" ಅಂದಳು.

"ನಂಗೆ ಓದಕ್ಕೆ ಬತ್ತದೆ ದೊಡ್ಡವ್ವ, ನೀನ್ ಸುಮ್ಕಿರು" ಅಂದೆ. ಅಂದು, ಚೀಟಿಗೆ ಸಹಿ ಹಾಕಿ ಪೆಟ್ಟಿಗೆ ಮುಚ್ಚಿದೆ.

ಸೋಮವಾರ ಆ ಪೆಟ್ಟಿಗೆ ಗೋಡೌನಿನಿಂದಲೇ ವಾಪಸ್ ಬಂತು. ನಾರ್ವೆಯ ಪೆಟ್ಟಿಗೆಯಲ್ಲಿ ಸ್ವೀಡನ್ನಿನ ಶರ್ಟು ಸೇರಿತ್ತು. ಸೂಪರ್‌ವೈಸರ್ ನನ್ನನ್ನು ಕರೆದು, "ನೀನ್ ನೋಡ್ಲಿಲ್ವಾ?" ಎಂದು ಕೇಳಿದ.

"ಮೇಲಿದ್ದವು ನೋಡ್ದೆ ಸಾರ್, ಸರಿಯಾಗಿದ್ವು. ಒಳಗೆ ಹಾಕಿದೋರು..." ಎಂದು ಅಷ್ಟಕ್ಕೇ ನಿಲ್ಲಿಸಿದೆ. ಮಿಕ್ಕದ್ದನ್ನು ಅವನೇ ತುಂಬಿಕೊಂಡ. ಓದು ಬಾರದವರನ್ನು ಕೂರಿಸಿದರೆ ಇನ್ನೇನಾಗುತ್ತದೆ ಎಂದು ಕೂಗಾಡಿದ. ಮುಂದಿನ ವಾರ ಬಟ್ಟೆ ಕೊಳ್ಳುವ ಕಂಪನಿಯ ಹೆಂಗಸು ಯುರೋಪಿನಿಂದಲೇ ಬರುತ್ತಾಳೆ, ಅವಳ ಮುಂದೆ ಪ್ಯಾಕಿಂಗಿನ ಪ್ರತಿಯೊಬ್ಬರೂ ಶರ್ಟು ನೋಡಿ ಓದಿ ಹೇಳಬೇಕು, ಬಾರದವರು ಮಾರನೆಯ ದಿನದಿಂದ ದಾರ ಕತ್ತರಿಸುವ ಕಡೆಗೆ ಎಂದ. ಆರೇಳು ಜನ ಹೆಂಗಸರಲ್ಲಿ ಓದು ಬಾರದವಳು ದೊಡ್ಡವ್ವ ಒಬ್ಬಳೇ ಎಂಬುದು ನನಗೆ ಗೊತ್ತಿತ್ತು. ಅವಳು ನನ್ನಿಂದ ಎರಡು ಮಾರು ದೂರದಲ್ಲಿ ಕೂತಿದ್ದಳು. ನಾನು ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಅವಳು ತಲೆ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ.

ಆ ವಾರವೆಲ್ಲ ನಾನು ಊಟದ ಹೊತ್ತಿನಲ್ಲಿ ಅವಳಿಗೆ ಪಾಠ ಮಾಡಿದೆ. ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಕೂತು ಅವಳು ಮುದ್ದೆ ಮುರಿಯುತ್ತಿದ್ದಳು, ನಾನು ಪಟ್ಟಿ ಓದುತ್ತಿದ್ದೆ. ಅಕ್ಷರ ಕಲಿಸುವಷ್ಟು ದಿನ ಇರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಬೇಕಾಗಿದ್ದದ್ದು ಮಾಡಿದ ತಪ್ಪಿನ ಭಾರ ಬೇಗ ಇಳಿಯುವುದು. ಹನ್ನೆರಡು ಹೆಸರನ್ನೂ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿಸಿದೆ. ಅವಳು ಸೋಬಾನೆ ಪದ ಕಲಿತವಳು, ಮೂರೇ ದಿನದಲ್ಲಿ ಹಿಡಿದಳು. ಫುಟ್ಬಾಲ್, ಫುಸ್‌ಬಾಲ್ ಎಂದು ಶುರುಮಾಡಿದರೆ ಎಲ್ಲೂ ತಡೆಯದೆ ಕೊನೆ ಮುಟ್ಟುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ.

ಆ ದಿನ ಬಂತು. ಬಂದವಳು ಎತ್ತರದ, ಕೆಂಪನೆಯ ಹೆಂಗಸು. ಜೊತೆಯಲ್ಲಿ ಮಾತು ತಿಳಿಸಿ ಹೇಳಲು ಬೆಂಗಳೂರು ಆಫೀಸಿನ ಒಬ್ಬ ಮೇಡಂ. ಸೂಪರ್‌ವೈಸರ್ ಒಬ್ಬೊಬ್ಬರ ಮುಂದೆ ಒಂದೊಂದು ಶರ್ಟು ಹಿಡಿಯುತ್ತ ಬಂದ. ನಾವು ಓದಿದೆವು. ದೊಡ್ಡವ್ವನ ಮುಂದೆ ಹಿಡಿದದ್ದು ಉದ್ದಜಡೆಯನ್ನು. ಅವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಫುಟ್ಬಾಲ್, ಫುಸ್‌ಬಾಲ್..." ಎಂದು ಮೊದಲಿನಿಂದ ಶುರು ಮಾಡಿದಳು.

"ಅದೆಲ್ಲ ಬ್ಯಾಡ, ಇದೊಂದೇ ಓದಮ್ಮ."

ಅವಳು ಮತ್ತೆ ಮೊದಲಿಂದ ಹಿಡಿದಳು. ಆ ಹೆಸರು ತಲುಪಲು ಅವಳಿಗೆ ಬೇರೆ ದಾರಿಯನ್ನು ನಾನು ಕಲಿಸಿರಲೇ ಇಲ್ಲ. ನಡುವೆ ಎಲ್ಲೋ ಸಿಕ್ಕಿಕೊಂಡು ನಿಂತಳು. ಸೂಪರ್‌ವೈಸರ್ ಶರ್ಟನ್ನು ಮೇಜಿನ ಮೇಲೆ ಹಾಕಿ, "ನಾಳೆಯಿಂದ ದಾರದ ಕಡೆ ಹೋಗಮ್ಮ" ಅಂದ. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ದೊಡ್ಡವ್ವ ಹೂಂ ಅಂದಳು. ಅಂದು, ಮೇಜು ಹಿಡಿದುಕೊಂಡು ನಿಂತೇ ಇದ್ದಳು, ಇನ್ನು ಕೂರಬಹುದೋ ಬಾರದೋ ಎಂದು ಗೊತ್ತಾಗದವಳಂತೆ.

ಅವಳು ಹಾಗೆ ನಿಂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

"ಸಾರ್, ಆ ಪೆಟ್ಟಿಗೆ ತುಂಬಿದ್ದು ನಾನು" ಅಂದೆ. "ತಂಗಿ ಅಕ್ಕನ ಪೆಟ್ಟಿಗೆಗೆ ಹೋಗವ್ಳೆ ಅಂತ ದೊಡ್ಡವ್ವ ಅವತ್ತೇ ಹೇಳ್ತು. ನಾನೇ ಬಾಯ್ ಮುಚ್ಚಿಸ್ದೆ. ಸೈನ್ ಮಾಡಿದ್ದೂ ನಾನೇ."

ಮೇಡಂ ಕೆಂಪು ಹೆಂಗಸಿಗೆ ಏನೋ ಹೇಳಿದಳು, ಆಕೆ ಏನೋ ಕೇಳಿದಳು. ಯಾವ ಅಕ್ಕ, ಯಾವ ತಂಗಿ ಎಂದು ಕೇಳುತ್ತಿದ್ದಾರೆ ಎಂದು ಮೇಡಂ ಅಂದಾಗ ನನ್ನ ಭಯದಲ್ಲೂ ನಗು ಬಂತು. ಹೇಳುವುದಕ್ಕಿಂತ ತೋರಿಸುವುದು ಸುಲಭ. ನಾನೇ ಹೋಗಿ ಶರ್ಟುಗಳು ಬೆರೆತಿದ್ದ ಟಬ್ಬೊಂದನ್ನು ಎಳೆದು ತಂದು ದೊಡ್ಡವ್ವನ ಮುಂದೆ ಇಟ್ಟು, "ಕೂತ್ಕೊ ದೊಡ್ಡವ್ವ, ಪಾಠ ಮರ್ತುಬುಡು, ನಿನ್ ಥರ ಮಾಡು" ಅಂದೆ.

ಅವಳು ಕೂತಳು. ಮೊದಲ ಶರ್ಟನ್ನು ತೊಡೆಯ ಮೇಲೆ ಹಾಕಿಕೊಂಡು ತಿರುಗಿಸಿ ನೋಡಿದಳು. ಆಮೇಲೆ ಗೂಡಿನ ರಾಶಿಯ ಮುಂದೆ ಕೂತವಳಂತೆಯೇ ಆದಳು. "ಬಸುರಿ... ಹೂ ಮುಡಿದೋಳು... ಅಕ್ಕ... ಅಕ್ಕ... ಗಂಡಹೆಂಡ್ತಿ... ತಂಗಿ..." ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಎಸೆಯುತ್ತ ಹೋದಳು. ತಲೆಕೆಳಗಾದದ್ದು, ಅರ್ಧ ಮಡಿಸಿದ್ದು, ಯಾವುದಕ್ಕೂ ಕೈ ತಡೆಯಲಿಲ್ಲ. ಟಬ್ಬು ಖಾಲಿಯಾಯಿತು. ಆ ಹೆಂಗಸು ತಾನೇ ಬಗ್ಗಿ ಪೆಟ್ಟಿಗೆ ಪೆಟ್ಟಿಗೆಯನ್ನೂ ತೆಗೆದು ನೋಡಿದಳು. ಒಂದೂ ತಪ್ಪಿರಲಿಲ್ಲ.

ಆಕೆ ನಮ್ಮ ಅಡ್ಡಹೆಸರುಗಳ ಅರ್ಥ ಕೇಳಿದಳು. ಮೇಡಂ ನಗುತ್ತ ಹೇಳಿದಳು, ಬಸುರಿಯ ಹತ್ತಿರ ಬಂದಾಗ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಂದೊಂದು ಶರ್ಟು ಎತ್ತಿ, ಆಯಾ ಜನ ಅದನ್ನು ಹೇಗೆ ಅನ್ನುತ್ತಾರೆ ಎಂದು ಸರಿಯಾಗಿ ಅಂದು ತೋರಿಸಿದಳು. ಹೆಚ್ಚಿನವರು ಕಾಲು ಮತ್ತು ಚೆಂಡು ಸೇರಿಸಿ ಹೆಸರಿಟ್ಟಿದ್ದಾರೆ, ಇಟಲಿಯವರದು ಮಾತ್ರ ಬರೀ ಒದೆ. ಗಂಡಹೆಂಡ್ತಿ ಎಂಬುದು ಅವಳದೇ ದೇಶದ್ದು, ಪೋಲೆಂಡಿನದು. ಅದರಲ್ಲಿ ಮೊದಲ ಮಾತು ಚೆಂಡು, ಎರಡನೆಯದು ಕಾಲಿನ ಎಂದು ಮೇಡಂ ತಿಳಿಸಿದಳು.

ದೊಡ್ಡವ್ವ, "ನಿಮ್ದೇ ಸರಿಯಾಗೈತೆ ಕಣವ್ವ" ಎಂದು ನೇರವಾಗಿ ಆಕೆಗೇ ಕನ್ನಡದಲ್ಲಿ ಹೇಳಿದಳು. "ಚೆಂಡು ಮುಂದ್ ಮುಂದೆ ಓಡ್ತದೆ, ಕಾಲು ಅದ್ರ ಹಿಂದೆ ಹೋಯ್ತದೆ. ಕಾಲ್ ಮೊದ್ಲು ಅನ್ನೋರು ಆಟ ನೋಡಿಲ್ವೇನೋ."

ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆ ಹೆಂಗಸು ಅವಳ ಎರಡೂ ಕೈ ಹಿಡಿದುಕೊಂಡಳು. ನನಗೆ ಇಪ್ಪತ್ತು ದಿನದಿಂದ ಆ ಹನ್ನೆರಡು ಹೆಸರು ಓದಲು ಬರುತ್ತಿತ್ತು. ಅದರೊಳಗೆ ಒಂದು ಆಟ ನಡೆಯುತ್ತಿದೆ ಎಂದು ಒಮ್ಮೆಯೂ ತೋಚಿರಲಿಲ್ಲ.

ದೊಡ್ಡವ್ವನ ಸ್ಟೂಲು ಉಳಿಯಿತು. ನನ್ನ ಪೆನ್ನು ಉಳಿಯಲಿಲ್ಲ. ಸೂಪರ್‌ವೈಸರ್ ಸಂಜೆ ಕರೆದು, ತಪ್ಪು ಮಾಡಿದ್ದಕ್ಕಲ್ಲ, ಅದನ್ನು ಇನ್ನೊಬ್ಬರ ಮೇಲೆ ಬಿಟ್ಟಿದ್ದಕ್ಕೆ ಎಂದು ಹೇಳಿ ನನ್ನನ್ನು ದಾರ ಕತ್ತರಿಸುವ ಕಡೆಗೆ ಹಾಕಿದ. ನ್ಯಾಯವಾದ ಮಾತೇ. ಆದರೂ ಬಸ್ಸಿನಲ್ಲಿ ಕೂತಾಗ ಕೈ ತಾನಾಗಿ ಕಿವಿಯ ಮೇಲಿನ ಪೆನ್ನನ್ನು ಹುಡುಕಿತು. ಅಪ್ಪನ ಮುಖ, ಕುದೂರಿನ ನೆಂಟರ ಮುಖ ಎಲ್ಲ ಕಣ್ಣ ಮುಂದೆ ಬರುತ್ತಿತ್ತು.

ಪಕ್ಕದಲ್ಲಿ ಬಂದು ಕೂತ ದೊಡ್ಡವ್ವನನ್ನು ಕೇಳಿದೆ. "ಅವತ್ತು ಸಾರ್ ಕೂಗಾಡ್ದಾಗ ನೀನ್ಯಾಕೆ ಸುಮ್ನಿದ್ದೆ? ನಾನೇ ಮಾಡಿದ್ದು ಅಂತ ನಿಂಗ್ ಗೊತ್ತಿತ್ತಲ್ಲ."

"ನೀನೇ ಯೋಳಿದ್ದಲ್ಲವ್ವ, ಪೆನ್ ಹೋದ್ರೆ ನಿಮ್ಮಪ್ಪ ತಾಳಿ ಕಟ್ಟುಸ್ತಾನೆ ಅಂತ" ಅಂದಳು. "ನಂಗಾದ್ರೆ ಒಂದ್ ಮಂಡಿ ನೋಯ್ತದೆ. ನಿಂಗೆ ಜೀವ್ಮಾನ ಅಲ್ವಾ?"

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಇಷ್ಟು ದೊಡ್ಡ ಮನಸ್ಸಿನವಳ ಬಾಯಿ ಮುಚ್ಚಿಸಿದ್ದೆನಲ್ಲ ಎಂದು ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಚನ್ನಪಟ್ಟಣದಲ್ಲಿ ಇಳಿದ ಮೇಲೆ ಅವಳ ಊರಿನ ಬಸ್ಸು ಬೇರೆ, ನಮ್ಮೂರಿನದು ಬೇರೆ. ಆ ಸಂಜೆ ಅವಳು ಹೊಂಗನೂರಿನ ಬಸ್ಸನ್ನೇ ಹತ್ತಿದಳು. ಯಾಕೆ ಎಂದರೆ, "ಒಸಿ ಕೆಲ್ಸ ಐತೆ" ಅಂದಳು, ಅಷ್ಟೆ. ಬಸ್ಸಿಳಿದು ನಮ್ಮ ಮನೆಯವರೆಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಅಪ್ಪ ಜಗುಲಿಯಲ್ಲಿದ್ದ. ನನ್ನ ಜೊತೆ ಕೆಲಸ ಮಾಡುವವಳು ಎಂದು ತಾನೇ ಹೇಳಿಕೊಂಡು, ಮಂಡಿ ಹಿಡಿದು ಮೆಲ್ಲಗೆ ಕೂತಳು.

"ನಿನ್ ಮಗ್ಳುಗೆ ಬಡ್ತಿ ಕೊಟ್ಟವ್ರೆ ಕಣಣ್ಣ. ನಾನೇ ಯೋಳ್ಬುಟ್ಟು ಹೋಗ್ಮ ಅಂತ ಬಂದೆ."

ಒಳಗೆ ಕಾಫಿಗೆ ನೀರಿಡುತ್ತಿದ್ದ ನಾನು ಹಾಗೇ ನಿಂತೆ.

"ಬಡ್ತಿ? ಪೆನ್ ಹಿಡಿಯೋ ಕೆಲ್ಸನೇ ತಾನೆ?" ಎಂದ ಅಪ್ಪ.

"ಪೆನ್ ಹಿಡಿಯೋದು ಒಂದೇ ಮೇಜಿನ ಕೆಲ್ಸ ಕಣಣ್ಣ. ಈಗ ಕತ್ರಿ ಕೊಟ್ಟವ್ರೆ. ಇನ್ಮ್ಯಾಲೆ ಅವ್ಳ ಕೈ ಸೋಕ್ದೆ ಒಂದ್ ಬಟ್ಟೆನೂ ಆ ಗೇಟ್ ದಾಟಂಗಿಲ್ಲ. ಅಂಥೋಳ್ನ ಈಗ್ಲೇ ಮದ್ವೆ ಮಾಡ್ಬುಟ್ರೆ ಫ್ಯಾಕ್ಟ್ರಿಯೋರು ಏನ್ ಮಾಡ್ಬೇಕು, ಯೋಳು."

ಒಂದಕ್ಷರವೂ ಸುಳ್ಳಿರಲಿಲ್ಲ. ದಾರ ಕತ್ತರಿಸುವವರ ಕೈ ಸೋಕದೆ ಯಾವ ಬಟ್ಟೆಯೂ ಹೊರಗೆ ಹೋಗುವುದಿಲ್ಲ. ಅಪ್ಪ ಒಂದು ಸಲ ಒಳಗೆ ತಿರುಗಿ ನನ್ನನ್ನು ಹೊಸದಾಗಿ ನೋಡುವವನಂತೆ ನೋಡಿದ. ನಾನು ಕಾಫಿ ತಂದು ಕೊಟ್ಟೆ. ದೊಡ್ಡವ್ವ ನನ್ನ ಮುಖ ನೋಡದೆ ಲೋಟ ತೆಗೆದುಕೊಂಡು, ಬಿಸಿ ಬಿಸಿಯಾಗಿ ಕುಡಿದು, ವಾಪಸ್ ಚನ್ನಪಟ್ಟಣಕ್ಕೆ ಹೋಗುವ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು.

ಕುದೂರಿನವರು ಹಬ್ಬದ ಹೊತ್ತಿಗೆ ಮೂರನೆಯ ಸಲ ಬಂದರು. ನಾನು ಅಡುಗೆಮನೆಯಲ್ಲಿ, ದಿನವಿಡೀ ನಿಂತು ಊದಿಕೊಂಡಿದ್ದ ಕಾಲನ್ನು ನೀವಿಕೊಳ್ಳುತ್ತ ಕೂತಿದ್ದೆ. ಜಗುಲಿಯಿಂದ ಅಪ್ಪನ ದನಿ ಕೇಳಿತು: "ಇನ್ನೆರಡು ವರ್ಷ ಆಗಕಿಲ್ಲ ಕಣಪ್ಪ. ನಮ್ ಹುಡ್ಗಿ ಕೈ ಸೋಕ್ದೆ ಅಲ್ಲಿ ಒಂದ್ ಬಟ್ಟೆನೂ ಗೇಟ್ ದಾಟಂಗಿಲ್ಲ."